ಗೈಡೆಡ್ ಗ್ರೂಪ್ ವಾಕ್‌ಗೆ ಮೊದಲ ಸಲ ಹೋಗೋರಿಗೆ: ಹೆಸರು ಕೊಡೋದ್ರಿಂದ ಹಿಡಿದು ವಾಪಸ್ ಬರೋವರೆಗೆ

ಹಳ್ಳಿಗಾಡಲ್ಲಿ ಗುಂಪು ಕಟ್ಕೊಂಡು ವಾಕ್ ಹೋಗ್ತಾರಲ್ಲ, ಅದಕ್ಕೆ ನಾನೂ ಸೇರ್ಕೋಬಹುದಾ, ನನ್ನ ಕೈಲಿ ಆಗತ್ತಾ, ಏನೇನು ತಗೊಂಡು ಹೋಗ್ಬೇಕು, ಗೊತ್ತಿರೋರು ಯಾರೂ ಇಲ್ಲದೆ ಒಬ್ಬರೇ ಹೋದ್ರೆ ಏನಾದ್ರೂ ಅಂದ್ಕೋತಾರಾ? ಇದೇ ಪ್ರಶ್ನೆಗಳನ್ನ ತುಂಬಾ ಜನ ಕೇಳ್ತಾನೇ ಇದೀರಾ. ಒಬ್ಬೊಬ್ಬರಿಗೆ ಚೂರು ಚೂರು ಉತ್ತರ ಕೊಡೋದಕ್ಕಿಂತ ಎಲ್ಲಾನೂ ಒಂದೇ ಕಡೆ ಬರೆದುಬಿಡೋಣ ಅನ್ನಿಸ್ತು.

ಮೊದಲೇ ಒಂದು ಮಾತು. ಗ್ರೂಪ್ ವಾಕ್‌ನಲ್ಲಿ ಕಷ್ಟ ಪಡೋರು ಶಕ್ತಿ ಇಲ್ದೆ ಕಷ್ಟ ಪಡೋದು ಕಡಿಮೆ, ಸಂಕೋಚದಿಂದ ಕಷ್ಟ ಪಡೋದೇ ಜಾಸ್ತಿ. ಮಂಡಿ ನೋವಿದೆ ಅಂತ ಹೇಳೋಕೆ ಸಂಕೋಚ, ಶೂ ಕಚ್ತಾ ಇದೆ ಎರಡು ನಿಮಿಷ ನಿಲ್ಲಿ ಅನ್ನೋಕೆ ಸಂಕೋಚ, ನೀರು ಕುಡಿದ್ರೆ ಮೂತ್ರಕ್ಕೆ ಹೋಗ್ಬೇಕಾಗತ್ತೆ ಅಂತ ನೀರೇ ಕುಡಿಯದೆ ಇರೋದು, ಹೀಗೆ. ಕೆಳಗಿರೋ ಬಹಳಷ್ಟು ಹಂತಗಳ ತಿರುಳು ಇಷ್ಟೇ: ಲೀಡರ್‌ಗೆ ಬಾಯಿ ಬಿಟ್ಟು ಹೇಳಿ, ಅದೂ ಬೇಗ ಹೇಳಿ.

ಗೈಡೆಡ್ ವಾಕ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ: ದಾರಿ ಗೊತ್ತಿರೋ ಒಬ್ಬರು ಲೀಡರ್ ಆಗಿ ಮುಂದೆ ನಡೀತಾರೆ. ಗುಂಪಿನ ಕೊನೇಲಿ ಇನ್ನೊಬ್ಬರು ಇರ್ತಾರೆ, ಅವರನ್ನ ಸ್ವೀಪ್ ಅಂತಲೋ ಬ್ಯಾಕ್ ಮಾರ್ಕರ್ ಅಂತಲೋ ಕರೀತಾರೆ, ಅವರಿಗಿಂತ ಹಿಂದೆ ಯಾರೂ ಉಳಿಯದ ಹಾಗೆ ನೋಡ್ಕೊಳ್ಳೋದು ಅವರ ಕೆಲಸ. ಒಳ್ಳೆ ಲೀಡರ್‌ಗಳು ಕೆಲವು ದಿನ ಮುಂಚೆನೇ ಒಂದು ಸಲ ಆ ದಾರೀಲಿ ಹೋಗಿ ನೋಡ್ಕೊಂಡು ಬಂದಿರ್ತಾರೆ, ಅದಕ್ಕೆ ರೆಕ್ಕಿ ಅಂತಾರೆ. ಈ ಮೂರೂ ಇದ್ಯಾ ಅಂತ ಕೇಳಿದ್ರೇನೇ ಆ ಗುಂಪು ಎಂಥದ್ದು ಅನ್ನೋದು ಅರ್ಧ ಗೊತ್ತಾಗಿಬಿಡತ್ತೆ.

1. ವಾಕ್ ಆರಿಸೋದು: ಬರೀ ಕಿಲೋಮೀಟರ್ ನೋಡ್ಬೇಡಿ

"8 ಕಿಲೋಮೀಟರ್ ತಾನೇ, ದಿನಾ ಪಾರ್ಕಲ್ಲಿ 5 ಹಾಕ್ತೀನಿ, ಇನ್ನು ಮೂರು ಜಾಸ್ತಿ ಅಷ್ಟೇ" ಅಂತ ಲೆಕ್ಕ ಹಾಕಿ ಹೆಸರು ಕೊಡೋರು ತುಂಬಾ ಜನ. ಪಾರ್ಕಿನ ನೆಲ ಸಮ ಇರತ್ತೆ, ಸುಸ್ತಾದ್ರೆ ಬೆಂಚಿರತ್ತೆ, ಬೇಡ ಅನ್ನಿಸಿದ್ರೆ ಅಲ್ಲೇ ಬಿಟ್ಟು ಮನೆಗೆ ಹೋಗಬಹುದು. ಇಲ್ಲಿ ಕಲ್ಲು, ಕೆಸರು, ಹೊಲದ ಬದು, ಏರು, ಇಳಿಜಾರು ಎಲ್ಲಾ ಬರತ್ತೆ, ಜೊತೆಗೆ ಬೆನ್ನ ಮೇಲೆ ಬ್ಯಾಗ್ ಬೇರೆ.

ಅದಕ್ಕೆ ದೂರದ ಪಕ್ಕದಲ್ಲೇ ಎಲಿವೇಶನ್ ಗೇನ್ ಎಷ್ಟು ಅಂತ ನೋಡಿ. ಹಾಗಂದ್ರೆ ಇಡೀ ದಾರೀಲಿ ಒಟ್ಟು ಎಷ್ಟು ಎತ್ತರ ಹತ್ತಬೇಕು ಅನ್ನೋ ಲೆಕ್ಕ. ಇದರಲ್ಲಿ ಇಳಿದಿದ್ದನ್ನ ಕಳೆಯಲ್ಲ, ಹತ್ತಿದ್ದನ್ನ ಮಾತ್ರ ಕೂಡಿಸ್ತಾ ಹೋಗೋದು. 100 ಮೀಟರ್ ಹತ್ತಿ, 100 ಇಳಿದು, ಮತ್ತೆ 100 ಹತ್ತಿದ್ರೆ ಗೇನ್ 200 ಮೀಟರ್.

ಟೈಮ್ ಅಂದಾಜು ಮಾಡೋಕೆ ಒಂದು ಹಳೇ ಲೆಕ್ಕ ಇದೆ, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟಿದ್ದು, ಇವತ್ತಿಗೂ ಬಳಸ್ತಾರೆ. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದ್ರೆ 10 ಕಿಲೋಮೀಟರ್ ದೂರ, 300 ಮೀಟರ್ ಏರು ಇದ್ರೆ ಎರಡೂವರೆ ಗಂಟೆ. ಆದ್ರೆ ಇದು ಗಟ್ಟಿಯಾಗಿ ನಡೆಯೋರಿಗೆ ಹಾಕಿದ ಲೆಕ್ಕ, ನಡುವೆ ನಿಲ್ಲೋದು, ತಿನ್ನೋದು, ಫೋಟೋ ತೆಗೆಯೋದು ಯಾವುದೂ ಇದರಲ್ಲಿ ಸೇರಿಲ್ಲ. ಗುಂಪಲ್ಲಿ ಹೋಗೋವಾಗ ಇದೇ ದಾರಿಗೆ ನಾಲ್ಕು ಗಂಟೆ ಅಂತ ಇಟ್ಕೊಳ್ಳಿ, ಬೇಗ ಮುಗಿದ್ರೆ ಒಳ್ಳೇದೇ.

ಈಸಿ, ಮಾಡರೇಟ್, ಡಿಫಿಕಲ್ಟ್ ಅಂತ ಗ್ರೇಡ್ ಹಾಕಿರ್ತಾರೆ. ಅದನ್ನೇ ನಂಬ್ಕೊಂಡು ಹೋಗ್ಬೇಡಿ, ಯಾಕಂದ್ರೆ ಒಂದು ಗುಂಪಿನ ಈಸಿ ಇನ್ನೊಂದು ಗುಂಪಿಗೆ ಮಾಡರೇಟ್, ಎಲ್ಲರೂ ಒಪ್ಪಿರೋ ಅಳತೆ ಅಂತ ಇಲ್ಲ. ಮೊದಲ ಸಲ ಹೋಗೋರಿಗೆ ನನ್ನ ಸಲಹೆ: ನಿಮ್ಮ ಕೈಲಿ ಆಗತ್ತೆ ಅಂದ್ಕೊಂಡಿದ್ದಕ್ಕಿಂತ ಒಂದು ಗ್ರೇಡ್ ಕೆಳಗಿನದ್ದನ್ನ ಆರಿಸಿ. ಸುಲಭ ಅನ್ನಿಸಿದ್ರೆ ಸುತ್ತಮುತ್ತ ನೋಡ್ಕೊಂಡು, ಮಾತಾಡ್ಕೊಂಡು ಬರಬಹುದು, ಅದರಲ್ಲೇನೂ ನಷ್ಟ ಇಲ್ಲ.

2. ಹೆಸರು ಕೊಡೋ ಮುಂಚೆ ಕೇಳ್ಬೇಕಾದ್ದು, ಹೇಳ್ಬೇಕಾದ್ದು

ಲೀಡರ್‌ಗೆ ಒಂದು ಮೆಸೇಜ್ ಹಾಕಿ ಅಥವಾ ಫೋನ್ ಮಾಡಿ. ಸರಾಸರಿ ಯಾವ ಸ್ಪೀಡಲ್ಲಿ ನಡೀತೀರಾ (ಗಂಟೆಗೆ 3 ಕಿಲೋಮೀಟರಿಗೂ 5 ಕಿಲೋಮೀಟರಿಗೂ ಅಜಗಜಾಂತರ), ಎಲ್ಲೆಲ್ಲಿ ನಿಲ್ತೀರಾ, ದಾರೀಲಿ ಟಾಯ್ಲೆಟ್ ಇದ್ಯಾ, ಕುಡಿಯೋ ನೀರು ಸಿಗತ್ತಾ, ಶುರುವಾದ ಜಾಗಕ್ಕೇ ವಾಪಸ್ ಬರ್ತೀವಾ ಇಲ್ಲಾ ಬೇರೆ ಕಡೆ ಮುಗಿಯತ್ತಾ, ಇಷ್ಟು ಕೇಳಿ. ಬೇರೆ ಕಡೆ ಮುಗಿಯೋದಾದ್ರೆ ಅಲ್ಲಿಂದ ವಾಪಸ್ ಬರೋಕೆ ಬಸ್ಸೋ ಗಾಡಿಯೋ ಏನಿದೆ ಅಂತ ಮೊದಲೇ ತಿಳ್ಕೊಳ್ಳಿ, ಎಷ್ಟೋ ಜನ ಗಾಡಿ ಶುರುವಲ್ಲಿ ನಿಲ್ಲಿಸಿ ಆಮೇಲೆ ಪೇಚಾಡ್ತಾರೆ. ಇನ್ನೊಂದು ಬಹಳ ಮುಖ್ಯವಾದ ಪ್ರಶ್ನೆ: ಅರ್ಧ ದಾರೀಲಿ ಆಗಲ್ಲ ಅನ್ನಿಸಿದ್ರೆ ಹೊರಗೆ ಬರೋಕೆ ದಾರಿ ಇದ್ಯಾ? ಇದಕ್ಕೆ ಬೇಲ್ ಔಟ್ ಪಾಯಿಂಟ್ ಅಂತಾರೆ, ನಡುವೆ ರಸ್ತೆ ಸಿಗೋ ಜಾಗ. ಮೊದಲ ವಾಕ್‌ಗೆ ಒಂದಾದ್ರೂ ಇಂಥ ಜಾಗ ಇದ್ರೆ ಒಳ್ಳೇದು.

ಇನ್ನು ನೀವು ಹೇಳ್ಬೇಕಾದ್ದು. ಅಸ್ತಮಾ, ಶುಗರ್, ಬಿಪಿ, ಹೃದಯದ ತೊಂದರೆ, ಫಿಟ್ಸ್, ಜೇನು ಅಥವಾ ಕಣಜ ಕಚ್ಚಿದ್ರೆ ಜೋರು ಅಲರ್ಜಿ, ಹಳೇ ಮಂಡಿ ಏಟು, ಎತ್ತರದ ಭಯ, ಇದ್ದಿದ್ದನ್ನ ಇದ್ದ ಹಾಗೆ ಹೇಳಿ. ಹೇಳಿದ್ರೆ ಬೇಡ ಅಂದ್ಬಿಡ್ತಾರೇನೋ ಅಂತ ಮುಚ್ಚಿಡೋರು ಇದಾರೆ. ಆದ್ರೆ ಲೀಡರ್ ಇದನ್ನ ಕೇಳೋದು ನಿಮ್ಮನ್ನ ಹೊರಗಿಡೋಕಲ್ಲ, ಇನ್‌ಹೇಲರ್ ನಿಮ್ಮ ಬ್ಯಾಗಿನ ಯಾವ ಜೇಬಲ್ಲಿದೆ ಅಂತ ಇನ್ನೊಬ್ಬರಿಗೆ ಗೊತ್ತಿರ್ಲಿ ಅಂತ. ಹೃದಯದ ತೊಂದರೆ ಇರೋರು, ಇತ್ತೀಚೆಗೆ ಆಪರೇಷನ್ ಆಗಿರೋರು, ಗರ್ಭಿಣಿಯರು ಮೊದಲು ಡಾಕ್ಟರ್ ಹತ್ರ ಮಾತಾಡಿ.

ಮಕ್ಕಳು ಅಥವಾ ನಾಯಿ ಕರ್ಕೊಂಡು ಬರೋದಾದ್ರೆ ಕೇಳದೆ ಬರಲೇಬೇಡಿ. ಕೆಲವು ಕಡೆ ಒಂದು ಫಾರ್ಮ್‌ಗೆ ಸೈನ್ ಹಾಕಿಸ್ಕೋತಾರೆ, ಏನಾದ್ರೂ ಆದ್ರೆ ಜವಾಬ್ದಾರಿ ಯಾರದ್ದು ಅಂತ ಅದರಲ್ಲಿ ಬರೆದಿರತ್ತೆ, ಓದಿ ಸೈನ್ ಹಾಕಿ. ಕ್ಯಾನ್ಸಲ್ ಮಾಡೋದಾದ್ರೆ ತಿಳಿಸಿ, ಇಲ್ಲಾಂದ್ರೆ ಇಡೀ ಗುಂಪು ನಿಮಗೋಸ್ಕರ ಕಾಯ್ತಾ ನಿಂತಿರತ್ತೆ.

3. ಮನೇಲೇ ಒಂದು ಟೆಸ್ಟ್

ವಾಕ್‌ಗೆ ಇನ್ನೂ ಎರಡು ಮೂರು ವಾರ ಇರೋವಾಗ್ಲೇ ಶುರು ಮಾಡಿ. ಅವತ್ತು ಹಾಕ್ಕೊಳ್ಳೋ ಶೂನೇ ಹಾಕ್ಕೊಂಡು, ಅವತ್ತು ಹೊರೋ ಬ್ಯಾಗನ್ನೇ ನೀರು ತುಂಬಿ ಹೊತ್ಕೊಂಡು, ವಾಕ್‌ನ ಮುಕ್ಕಾಲು ಭಾಗದಷ್ಟು ದೂರ ಒಂದು ಸಲ ನಡೀರಿ. ಹತ್ತಿರದಲ್ಲಿ ಏರಿಲ್ಲ ಅಂದ್ರೆ ಮೆಟ್ಟಿಲು ಹತ್ತಿ ಇಳೀರಿ. ಇಳಿಯೋದನ್ನ ಬಿಡಬೇಡಿ. ಹತ್ತೋವಾಗ ಉಸಿರು ಕಷ್ಟ ಆಗತ್ತೆ, ಆದ್ರೆ ಮಾರನೇ ದಿನ ತೊಡೆ ಹಿಡ್ಕೊಳ್ಳೋದು ಇಳಿದಿದ್ದಕ್ಕೆ, ಯಾಕಂದ್ರೆ ಇಳಿಯೋವಾಗ ತೊಡೆಯ ಮುಂದಿನ ಸ್ನಾಯುಗಳು ಉದ್ದ ಆಗ್ತಾನೇ ಮೈಭಾರ ತಡೀಬೇಕು, ಅಭ್ಯಾಸ ಇಲ್ಲದೋರಿಗೆ ಆ ಕೆಲಸ ಸ್ವಲ್ಪ ಜಾಸ್ತೀನೇ.

ಸ್ಪೀಡ್ ಸರಿಯಾಗಿದ್ಯಾ ಅಂತ ನೋಡೋಕೆ ಯಾವ ವಾಚೂ ಬೇಡ. ನಡೀತಾ ನಡೀತಾ ಪೂರ್ತಿ ವಾಕ್ಯ ಮಾತಾಡೋಕೆ ಆದ್ರೆ ಸರಿಯಾಗಿದೆ. ಎರಡು ಪದಕ್ಕೊಂದು ಸಲ ಉಸಿರು ಎಳ್ಕೋಬೇಕಾದ್ರೆ ಜಾಸ್ತಿ ಆಯ್ತು, ನಿಧಾನ ಮಾಡಿ.

4. ಕಾಲಿಗೆ ಏನು, ಮೈಗೆ ಏನು

ಶೂ ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಇಲ್ಲಿ ಎಡವಟ್ಟಾದ್ರೆ ಮಿಕ್ಕಿದ್ದೆಲ್ಲಾ ಸರಿ ಇದ್ರೂ ಆ ದಿನ ಹಾಳು. ಶೂ ತಗೊಳ್ಳೋಕೆ ಸಂಜೆ ಹೊತ್ತು ಹೋಗಿ, ಬೆಳಗ್ಗೆಯಿಂದ ಓಡಾಡಿ ಪಾದ ಸ್ವಲ್ಪ ಊದಿರತ್ತೆ, ನಡೀವಾಗ್ಲೂ ಹಾಗೇ ಊದತ್ತೆ. ವಾಕ್‌ಗೆ ಹಾಕೋ ಸಾಕ್ಸನ್ನೇ ಹಾಕ್ಕೊಂಡು ಟ್ರೈ ಮಾಡಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರ್ಬೇಕು, ಇಲ್ಲಾಂದ್ರೆ ಇಳಿಜಾರಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಶೂಗೆ ತಾಗಿ ತಾಗಿ ಕಪ್ಪಾಗತ್ತೆ. ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಅಡಿಭಾಗ ನುಣುಪಾಗಿದ್ರೆ ಒದ್ದೆ ಕಲ್ಲಿನ ಮೇಲೆ ಜಾರೋದು ಗ್ಯಾರಂಟಿ, ಪಟ್ಟಿ ಪಟ್ಟಿಯಾಗಿ ಹಿಡಿತ ಇರೋದನ್ನೇ ನೋಡಿ ತಗೊಳ್ಳಿ. ಈಸಿ ವಾಕ್‌ಗೆ ದುಬಾರಿ ಬೂಟ್ ಬೇಕಾಗಿಲ್ಲ, ಹಿಡಿತ ಇರೋ ಸ್ಪೋರ್ಟ್ಸ್ ಶೂ ಸಾಕು. ಆದ್ರೆ ಹೊಚ್ಚ ಹೊಸ ಶೂ ಹಾಕ್ಕೊಂಡು ಮಾತ್ರ ಬರಬೇಡಿ, ದಯವಿಟ್ಟು.

ಸಾಕ್ಸ್ ಕಾಟನ್ ಬೇಡ. ಕಾಟನ್ ಬೆವರು ಹೀರ್ಕೊಂಡು ಹಾಗೇ ಇಟ್ಕೊಳ್ಳತ್ತೆ, ಒದ್ದೆಯಾದ ಚರ್ಮ ಮೆತ್ತಗಾಗತ್ತೆ, ಮೆತ್ತಗಾದ ಚರ್ಮ ಉಜ್ಜಿದ್ರೆ ಬೊಬ್ಬೆ ಏಳತ್ತೆ. ಸಿಂಥೆಟಿಕ್ ಅಥವಾ ಉಣ್ಣೆ ಸಾಕ್ಸ್ ತಗೊಳ್ಳಿ. ಕಾಲುಗುರು ಹೊರಡೋ ಎರಡು ಮೂರು ದಿನ ಮುಂಚೆನೇ ಕತ್ತರಿಸ್ಕೊಳ್ಳಿ.

ಬಟ್ಟೆಗೂ ಇದೇ ಮಾತು, ಚಳಿ ಗಾಳಿ ಇರೋ ಕಡೆ ಒದ್ದೆ ಕಾಟನ್ ಮೈಯ ಬಿಸೀನೇ ಎಳ್ಕೊಂಡುಬಿಡತ್ತೆ. ಜೀನ್ಸ್ ಬೇಡ, ಒದ್ದೆಯಾದ್ರೆ ಭಾರ, ಬೇಗ ಒಣಗೋದೂ ಇಲ್ಲ. ಒಂದು ದಪ್ಪ ಜಾಕೆಟ್‌ಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕೋದು ವಾಸಿ, ಬಿಸಿ ಆದ ಹಾಗೆ ತೆಗೀಬಹುದು. ಎತ್ತರಕ್ಕೆ ಹೋಗ್ತಾ ಪ್ರತಿ 1000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪಾಗತ್ತೆ, ಅದರ ಮೇಲೆ ಗಾಳಿ. ಹಾಗಾಗಿ ಕೆಳಗೆ ಬಿಸಿಲಿದೆ ಅಂತ ಮೇಲಿನ ಬಟ್ಟೆ ಗಾಡೀಲೇ ಬಿಟ್ಟು ಬರಬೇಡಿ. ಹುಲ್ಲು ಪೊದೆ ಇರೋ ದಾರಿಯಾದ್ರೆ ಉದ್ದ ಪ್ಯಾಂಟ್ ಹಾಕ್ಕೊಂಡು, ಅದರ ತುದಿ ಸಾಕ್ಸ್ ಒಳಗೆ ಸೇರಿಸಿ.

5. ಬ್ಯಾಗಲ್ಲಿ ಏನಿರ್ಬೇಕು

ಒಂದು ದಿನದ ವಾಕ್‌ಗೆ 15ರಿಂದ 20 ಲೀಟರ್ ಬ್ಯಾಗ್ ಸಾಕು. ಹೆಗಲಿಗೆ ಎರಡೂ ಕಡೆ ಪಟ್ಟಿ ಇರ್ಬೇಕು, ಕೈಚೀಲ ಅಥವಾ ಒಂದೇ ಭುಜದ ಬ್ಯಾಗ್ ತರಬೇಡಿ, ಎರಡೂ ಕೈ ಖಾಲಿ ಇದ್ರೆ ಮಾತ್ರ ಬಿದ್ದಾಗ ತಡ್ಕೊಳ್ಳೋಕಾಗತ್ತೆ.

ನೀರು ಹದವಾದ ಬಿಸಿಲಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ಲೆಕ್ಕ, ಸೆಖೆ ಜಾಸ್ತಿ ಇದ್ರೆ ಇನ್ನೂ ಬೇಕು. ಬಾಯಾರಿಕೆ ತಡ್ಕೊಂಡು ಒಂದೇ ಸಲ ಗಟಗಟ ಕುಡಿಯೋದಕ್ಕಿಂತ ಆಗಾಗ ಎರಡೆರಡು ಗುಟುಕು ಕುಡೀರಿ. ಆದ್ರೆ ಬೇಡದೇ ಇದ್ರೂ ಬಲವಂತವಾಗಿ ಲೀಟರ್‌ಗಟ್ಟಲೆ ಬರೀ ನೀರು ಕುಡಿಯೋದೂ ಅಪಾಯಾನೇ, ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗತ್ತೆ. ತುಂಬಾ ಬೆವರೋರು ಉಪ್ಪಿರೋ ತಿಂಡಿನೋ ಓಆರ್‌ಎಸ್ ಪ್ಯಾಕೆಟ್ಟೋ ಇಟ್ಕೊಳ್ಳಿ. ತಿನ್ನೋಕೆ ಹಾಳಾಗದೆ ಇರೋದು, ಕೈಯಲ್ಲೇ ಹಿಡ್ಕೊಂಡು ತಿನ್ನೋ ಅಂಥದ್ದು, ನಿಮಗೆ ಬೇಕಾಗೋದಕ್ಕಿಂತ ಸ್ವಲ್ಪ ಜಾಸ್ತಿ.

ಮಿಕ್ಕಿದ್ದು: ಮಳೆ ಜಾಕೆಟ್ (ಆಕಾಶ ತಿಳಿಯಾಗಿದ್ರೂ ಸರಿ), ಟೋಪಿ, ಸನ್‌ಸ್ಕ್ರೀನ್, ನಿಮ್ಮ ಮಾಮೂಲಿ ಮಾತ್ರೆ, ಬೊಬ್ಬೆಗೆ ಅಂಟಿಸೋ ಟೇಪ್, ವಿಸಲ್, ಚಿಕ್ಕ ಟಾರ್ಚ್, ಕಸ ತುಂಬೋಕೆ ಒಂದು ಕವರ್, ಒಂದು ಜೊತೆ ಹೆಚ್ಚುವರಿ ಸಾಕ್ಸ್. ಬೆಳಗಿನ ವಾಕ್‌ಗೆ ಟಾರ್ಚ್ ಯಾಕೆ ಅಂತ ಕೇಳ್ತಾರೆ. ಯಾರಿಗಾದ್ರೂ ಕಾಲು ಉಳುಕಿದ್ರೆ ಮಧ್ಯಾಹ್ನ ಮುಗೀಬೇಕಾದ್ದು ಕತ್ತಲಾದ ಮೇಲೆ ಮುಗಿಯತ್ತೆ, ಅದಕ್ಕೆ. ಫೋನಿನ ಟಾರ್ಚ್ ಇದೆಯಲ್ಲ ಅಂತೀರಾ, ಆ ಹೊತ್ತಿಗೆ ಫೋನಿನ ಬ್ಯಾಟರಿ ಸಹಾಯ ಕರೆಯೋಕೆ ಬೇಕಾಗಿರತ್ತೆ.

6. ಹಿಂದಿನ ಸಂಜೆ

ಹವಾಮಾನ ನೋಡಿ, ನಿಮ್ಮೂರಿನದ್ದಲ್ಲ, ನಡೆಯೋ ಜಾಗದ್ದು. ಲೀಡರ್ ಕಡೆಯಿಂದ ಬದಲಾವಣೆ ಏನಾದ್ರೂ ಬಂದಿದ್ಯಾ ನೋಡಿ. ದಾರಿಯ ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ; ಜಿಪಿಎಕ್ಸ್ ಫೈಲ್ ಕಳಿಸಿದ್ರೆ ಅದು ನಡೆಯೋ ದಾರಿಯ ಗೆರೆ, ಮ್ಯಾಪ್ ಆ್ಯಪಲ್ಲಿ ತೆರೆದ್ರೆ ಕಾಣತ್ತೆ. ಮನೇಲಿ ಒಬ್ಬರಿಗೆ ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ ಅಂತ ಹೇಳಿ, ಲೀಡರ್ ನಂಬರ್ ಕೊಟ್ಟಿರಿ. ಗುಂಪಲ್ಲಿ ಹೋಗ್ತಾ ಇದೀನಲ್ಲ ಅಂತ ಇದನ್ನ ಬಿಡಬೇಡಿ.

7. ಶುರುವಾಗೋ ಜಾಗದಲ್ಲಿ

ಹೇಳಿದ ಟೈಮ್ ಅಂದ್ರೆ ಹೆಜ್ಜೆ ಹಾಕೋ ಟೈಮ್, ಬಂದು ಗಾಡಿ ನಿಲ್ಲಿಸೋ ಟೈಮಲ್ಲ. 15-20 ನಿಮಿಷ ಮುಂಚೆ ಇರಿ. ಗಾಡಿ ನಿಲ್ಲಿಸೋವಾಗ ಹೊಲದ ಗೇಟಿಗೆ ಅಡ್ಡ ಬೇಡ, ಟ್ರ್ಯಾಕ್ಟರ್ ಯಾವಾಗ ಬೇಕಾದ್ರೂ ಬರಬಹುದು.

ಹೋದ ತಕ್ಷಣ ಲೀಡರ್ ಹತ್ರ ಹೋಗಿ ಹೆಸರು ಹೇಳಿ, "ನಂದು ಮೊದಲ ಸಲ" ಅಂತಾನೂ ಹೇಳಿ. ಈ ಒಂದು ಮಾತಿಗೆ ಸಿಗೋ ಉಪಯೋಗ ಬಹಳ, ಲೀಡರ್ ನಿಮ್ಮ ಶೂ ನೋಡ್ತಾರೆ, ನೀರು ಎಷ್ಟಿದೆ ಕೇಳ್ತಾರೆ, ಸ್ವೀಪ್‌ಗೆ ನಿಮ್ಮನ್ನ ಪರಿಚಯ ಮಾಡಿಸ್ತಾರೆ. ಒಬ್ಬರೇ ಬಂದಿದೀನಿ ಅಂತ ಮುಜುಗರ ಬೇಡ, ಗ್ರೂಪ್ ವಾಕ್ ಇರೋದೇ ಜೊತೆ ಇಲ್ಲದೋರಿಗೆ ಜೊತೆ ಸಿಗ್ಲಿ ಅಂತ, ಅರ್ಧ ಗಂಟೆ ನಡೆಯೋದ್ರೊಳಗೆ ಪಕ್ಕದೋರ ಜೊತೆ ಮಾತು ತಾನಾಗೇ ಶುರುವಾಗಿರತ್ತೆ.

ಹೊರಡೋ ಮುಂಚೆ ಲೀಡರ್ ದಾರಿ, ಅಪಾಯದ ಜಾಗ, ನಿಯಮ ಎಲ್ಲಾ ಹೇಳ್ತಾರೆ, ಇದಕ್ಕೆ ಬ್ರೀಫಿಂಗ್ ಅಂತಾರೆ. ಇದರ ನಡುವೆ ಫೋಟೋ ತೆಗೀತಾ ನಿಲ್ಲಬೇಡಿ. ಎಷ್ಟು ಜನ ಇದೀವಿ ಅಂತ ಎಣಿಸ್ತಾರಲ್ಲ, ಆ ಸಂಖ್ಯೆ ನೀವೂ ನೆನಪಿಟ್ಕೊಳ್ಳಿ, ಪ್ರತಿ ಸಲ ನಿಂತಾಗ ಎಣಿಕೆ ಹಾಕೋಕೆ ಇನ್ನೊಂದು ತಲೆ ಇದ್ದ ಹಾಗಾಗತ್ತೆ. ವಿಸಲ್ ಸಿಗ್ನಲ್ ಏನು ಅಂತಾನೂ ಕೇಳಿ. ಯುರೋಪಲ್ಲಿ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದ್ರೆ ಅಪಾಯ ಅಂತ, ಅದಕ್ಕೆ ಉತ್ತರ ಮೂರು ಸಲ. ಉತ್ತರ ಅಮೆರಿಕದಲ್ಲಿ ಮೂರು ಸಲ ಊದೋದೇ ಅಪಾಯದ ಗುರುತು. ಅದಕ್ಕೆ ಈ ಗುಂಪಲ್ಲಿ ಯಾವುದು ಅಂತ ಮೊದಲೇ ಗೊತ್ತಿರ್ಬೇಕು.

8. ನಡೆಯೋವಾಗ

ಮೊದಲ ಹತ್ತು ಹದಿನೈದು ನಿಮಿಷ ಎಲ್ಲರೂ ಹುರುಪಲ್ಲಿ ಜೋರಾಗಿ ಹೊರಟುಬಿಡ್ತಾರೆ, ನೀವು ಮಾತ್ರ ನಿಧಾನವಾಗಿ ಶುರು ಮಾಡಿ. ಏರಲ್ಲಿ ಹೆಜ್ಜೆ ಚಿಕ್ಕದು ಮಾಡಿ, ನಿಲ್ಲದೆ ಒಂದೇ ಸಮ ಹೋಗಿ. ಓಡಿ ಹತ್ತಿ ನಿಂತು ಏದುಸಿರು ಬಿಡೋದು, ಮತ್ತೆ ಓಡೋದು, ಇದರಷ್ಟು ಬೇಗ ಸುಸ್ತು ಮಾಡೋದು ಇನ್ನೊಂದಿಲ್ಲ. ಇಳಿಜಾರಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆ.

ಗುಂಪು ರಬ್ಬರ್ ಬ್ಯಾಂಡ್ ಹಾಗೆ ಎಳೀತಾ ಹೋಗತ್ತೆ, ಮುಂದಿನೋರು ಒಂದು ಗೇಟು ದಾಟಿ ಮುಂದೆ ಹೋದಷ್ಟೂ ಹಿಂದಿನೋರು ಆ ಗೇಟಲ್ಲಿ ಸಾಲು ನಿಂತು ಇನ್ನೂ ಹಿಂದೆ ಬೀಳ್ತಾರೆ. ಇಲ್ಲಿ ಒಂದು ಅನ್ಯಾಯ ಆಗತ್ತೆ, ಗಮನಿಸಿ. ಮುಂದಿನೋರು ಒಂದು ಕಡೆ ನಿಂತು ಹತ್ತು ನಿಮಿಷ ರೆಸ್ಟ್ ತಗೋತಾರೆ, ನಿಧಾನಕ್ಕೆ ಬರೋರು ಆಗಷ್ಟೇ ಬಂದು ನೀರಿನ ಬಾಟಲಿ ಮುಚ್ಚಳ ತೆಗೆಯೋ ಹೊತ್ತಿಗೆ "ಎಲ್ಲಾ ಬಂದ್ರಲ್ಲ, ಹೊರಡೋಣ" ಅಂತಾರೆ. ಯಾರಿಗೆ ರೆಸ್ಟ್ ಬೇಕಿತ್ತೋ ಅವರಿಗೇ ಸಿಗಲಿಲ್ಲ. ಇದು ನಿಮಗಾದ್ರೆ ಸುಮ್ಮನಿರಬೇಡಿ, "ನನಗೆ ಐದು ನಿಮಿಷ ಬೇಕು" ಅಂತ ಸಹಜವಾಗಿ ಹೇಳಿ. ನೀವು ಮುಂದಿದ್ದೋರಾದ್ರೆ ಹಿಂದಿನೋರ ಪರವಾಗಿ ನೀವೇ ಕೇಳಿ. ಗುಂಪಿನ ವೇಗ ಅಂದ್ರೆ ಅತಿ ನಿಧಾನವಾಗಿ ನಡೆಯೋರ ವೇಗ, ಇದನ್ನ ಒಪ್ಪದ ಲೀಡರ್ ಇದ್ರೆ ಮುಂದಿನ ಸಲ ಬೇರೆ ಗುಂಪು ನೋಡ್ಕೊಳ್ಳಿ ಅಂತ ನಾನು ನೇರವಾಗೇ ಹೇಳ್ತೀನಿ. ನಿಧಾನ ನಡೆಯೋರು ಲೀಡರ್ ಹಿಂದೇನೇ ನಡೆದ್ರೆ ಇನ್ನೂ ಒಳ್ಳೇದು, ಆಗ ಜಾರಿ ಜಾರಿ ಹಿಂದೆ ಬಂದ್ರೂ ಗುಂಪಿನ ಮಧ್ಯೆನೇ ಇರ್ತೀರಾ.

ದಾರಿ ಕವಲೊಡೆಯೋ ಕಡೆ ನಿಂತು, ಹಿಂದಿನೋರು ನಿಮ್ಮನ್ನ ನೋಡಿದ್ರು ಅಂತ ಖಾತ್ರಿ ಮಾಡ್ಕೊಂಡೇ ತಿರುಗಿ. ಜನ ಕಳೆದುಹೋಗೋದು ಬಹುಪಾಲು ಇಂಥ ಕವಲಲ್ಲೇ. ಲೀಡರ್‌ನ ದಾಟಿ ಮುಂದೆ ಹೋಗಬೇಡಿ, ಸ್ವೀಪ್‌ಗಿಂತ ಹಿಂದೆ ಉಳೀಬೇಡಿ.

ಮೂತ್ರಕ್ಕೆ ಹೋಗ್ಬೇಕಾದ್ರೆ ಹತ್ರ ಇರೋ ಒಬ್ಬರಿಗೆ ಅಥವಾ ಸ್ವೀಪ್‌ಗೆ ಹೇಳಿ, ನಿಮ್ಮ ಬ್ಯಾಗನ್ನ ದಾರಿಯ ಅಂಚಲ್ಲಿ ಕಾಣೋ ಹಾಗೆ ಇಟ್ಟು ಪಕ್ಕಕ್ಕೆ ಹೋಗಿ. ಬ್ಯಾಗ್ ನೋಡಿದ ಸ್ವೀಪ್ ಅಲ್ಲೇ ಸ್ವಲ್ಪ ದೂರದಲ್ಲಿ ಕಾಯ್ತಾರೆ, ಯಾರೂ ಏನೂ ಕೇಳಲ್ಲ. ನೀರಿನ ಮೂಲದಿಂದ ಕನಿಷ್ಠ 60 ಮೀಟರ್ ದೂರ ಇರಲಿ, ಪೇಪರ್, ಪ್ಯಾಡ್ ಎಲ್ಲಾ ಕವರ್‌ಗೆ ಹಾಕಿ ವಾಪಸ್ ತನ್ನಿ. ಇದೊಂದು ವಿಷಯಕ್ಕೆ ಹೆದರ್ಕೊಂಡು ಎಷ್ಟೋ ಹೆಣ್ಮಕ್ಕಳು ವಾಕ್‌ಗೇ ಬರಲ್ಲ, ಬಂದ್ರೂ ನೀರು ಕುಡಿಯಲ್ಲ. ದಯವಿಟ್ಟು ಹಾಗೆ ಮಾಡ್ಬೇಡಿ, ಬ್ರೀಫಿಂಗ್‌ಗೂ ಮುಂಚೆ ಲೀಡರ್‌ನ ಪಕ್ಕಕ್ಕೆ ಕರೆದು ಕೇಳಿದ್ರೆ ಎಲ್ಲಿ ಮರೆ ಇರೋ ಜಾಗ ಇದೆ ಅಂತ ಹೇಳ್ತಾರೆ.

ಇನ್ನು ಬೊಬ್ಬೆ. ಬೊಬ್ಬೆ ಇದ್ದಕ್ಕಿದ್ದ ಹಾಗೆ ಏಳಲ್ಲ, ಮೊದಲು ಒಂದು ಕಡೆ ಬೆಚ್ಚಗೆ, ಚುರುಚುರು ಅಂತ ಅನ್ನಿಸತ್ತೆ, ಇದನ್ನ ಹಾಟ್‌ಸ್ಪಾಟ್ ಅಂತಾರೆ. ಆಗ್ಲೇ ನಿಲ್ಲಿ. ಶೂ ಸಾಕ್ಸ್ ಎರಡೂ ಬಿಚ್ಚಿ, ಒಳಗೆ ಮರಳು ಹುಲ್ಲುಕಡ್ಡಿ ಇದ್ರೆ ಕೊಡವಿ, ಕಾಲು ಪೂರ್ತಿ ಒರೆಸಿ ಒಣಗಿಸಿ. ಟೇಪ್ ಕತ್ತರಿಸಿ ಮೂಲೆಗಳನ್ನ ದುಂಡಗೆ ಮಾಡಿ, ಚೂಪು ಮೂಲೆ ಇದ್ರೆ ಸಾಕ್ಸ್‌ಗೆ ಸಿಕ್ಕಿ ಎದ್ದು ಬರತ್ತೆ. ಸುಕ್ಕಿಲ್ಲದೆ ಅಂಟಿಸಿ, ಕೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಆಮೇಲೆ ಸಾಕ್ಸ್ ಮಡಿಕೆ ಇಲ್ಲದ ಹಾಗೆ ಎಳೆದು ಹಾಕಿ ಶೂ ಲೇಸ್ ಹಿಮ್ಮಡಿ ಕುಣಿಯದ ಹಾಗೆ ಬಿಗಿಯಿರಿ. ಇದಕ್ಕೆ ಮೂರು ನಿಮಿಷ ಹಿಡಿಯತ್ತೆ. ಈ ಮೂರು ನಿಮಿಷ ಕೇಳೋಕೆ ಸಂಕೋಚಪಟ್ಟೋರನ್ನ ಆಮೇಲೆ ಇಡೀ ಗುಂಪು ಕೊನೆಯ ಎರಡು ಗಂಟೆ ಕಾಯ್ಕೊಂಡು ನಡೀಬೇಕಾಗತ್ತೆ.

9. ಹೊಲ, ದನ, ಗೇಟು, ರಸ್ತೆ

ನಡೀತಾ ಇರೋ ನೆಲ ಯಾರದ್ದೋ ಜೀವನ. ಬೆಳೆ ಇರೋ ಕಡೆ ದಾರಿ ಬಿಟ್ಟು ಅಕ್ಕಪಕ್ಕ ಹೆಜ್ಜೆ ಇಡಬೇಡಿ, ಕೆಸರಿದ್ರೂ ದಾರಿಯ ಮಧ್ಯದಲ್ಲೇ ನಡೀರಿ. ಎಲ್ಲರೂ ಕೆಸರು ತಪ್ಪಿಸೋಕೆ ಪಕ್ಕದಲ್ಲಿ ನಡೆದ್ರೆ ದಾರಿ ಅಗಲ ಆಗ್ತಾ ಬೆಳೆನೇ ಹೋಗತ್ತೆ. ಗೇಟು ತೆರೆದಿದ್ರೆ ತೆರೆದೇ ಬಿಡಿ, ಮುಚ್ಚಿದ್ರೆ ದಾಟಿ ಮುಚ್ಚಿ. ಗುಂಪಲ್ಲಿ "ಹಿಂದಿನೋರು ಮುಚ್ತಾರೆ" ಅಂತ ಎಲ್ಲರೂ ಅಂದ್ಕೊಂಡು ಯಾರೂ ಮುಚ್ಚಲ್ಲ, ಅದಕ್ಕೆ ನಿಮ್ಮ ಹಿಂದೆ ಬರೋರಿಗೆ ಬಾಯಲ್ಲಿ ಹೇಳಿ ಗೇಟು ಒಪ್ಪಿಸಿ.

ಯಾವ ನೆಲದಲ್ಲಿ ನಡೀಬಹುದು ಅನ್ನೋ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸ್ಕಾಟ್ಲೆಂಡಲ್ಲಿ 2003ರ ಭೂಸುಧಾರಣೆ ಕಾಯ್ದೆ ಜವಾಬ್ದಾರಿಯಿಂದ ನಡೆಯೋರಿಗೆ ಬಹುತೇಕ ಎಲ್ಲಾ ನೆಲದಲ್ಲೂ ಹಕ್ಕು ಕೊಟ್ಟಿದೆ, ಸ್ವೀಡನ್‌ನಲ್ಲೂ ಅಂಥದ್ದೇ ಹಳೇ ಸಂಪ್ರದಾಯ ಇದೆ. ಬೇರೆ ಎಷ್ಟೋ ಕಡೆ ಮಾಲೀಕರ ಅಥವಾ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡೋ ಹಾಗಿಲ್ಲ. ಅನುಮತಿ ತಗೊಂಡಿದೀರಾ ಅಂತ ಲೀಡರ್‌ನ ಕೇಳೋದರಲ್ಲಿ ತಪ್ಪೇನಿಲ್ಲ.

ದನಗಳ ಮಧ್ಯೆ ಹಾದು ಹೋಗ್ಬೇಕಾದ್ರೆ ಗುಂಪು ಒಟ್ಟಿಗೆ, ಸದ್ದಿಲ್ಲದೆ, ದೂರದಿಂದ ಬಳಸ್ಕೊಂಡು ಹೋಗಿ. ತಾಯಿಗೂ ಕರುವಿಗೂ ಮಧ್ಯೆ ಯಾವತ್ತೂ ಹೋಗಬಾರದು. ನಾಯಿ ಜೊತೆಗಿದ್ದು ದನ ಅಟ್ಟಿಸ್ಕೊಂಡು ಬಂದ್ರೆ ನಾಯಿಯ ಹಗ್ಗ ಬಿಟ್ಟುಬಿಡಿ, ದನ ಬರೋದು ನಾಯಿ ಮೇಲೆ, ಅದು ಓಡಿ ತಪ್ಪಿಸ್ಕೊಳ್ಳತ್ತೆ. ರಸ್ತೆ ಬಂದ್ರೆ ಒಬ್ಬರ ಹಿಂದೊಬ್ಬರು, ಎದುರು ಬರೋ ಗಾಡಿ ಕಾಣೋ ಬದಿಯಲ್ಲಿ.

10. ಏನಾದ್ರೂ ತೊಂದರೆ ಆದ್ರೆ

ಗುಂಪಿಂದ ಬೇರೆ ಆದ್ರೆ: ನಿಲ್ಲಿ. ಹುಡುಕ್ಕೊಂಡು ಹೋಗಬೇಡಿ, ಅಡ್ಡದಾರಿ ಹಿಡೀಬೇಡಿ. ವಿಸಲ್ ಊದಿ, ಲೀಡರ್‌ಗೆ ಫೋನ್ ಮಾಡಿ ಲೊಕೇಶನ್ ಕಳಿಸಿ. ಸಿಗ್ನಲ್ ಕಮ್ಮಿ ಇದ್ರೆ ಕಾಲ್ ಹೋಗದ ಕಡೆ ಮೆಸೇಜ್ ಹೋಗಬಹುದು. ತುರ್ತು ಸಹಾಯಕ್ಕೆ ಭಾರತ, ಯುರೋಪ್ ಸೇರಿ ಬಹಳ ಕಡೆ 112.

ಗುಡುಗು: ಮಿಂಚು ಕಂಡಾಗಿಂದ ಸದ್ದು ಕೇಳೋವರೆಗೆ ಸೆಕೆಂಡ್ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್, ಅಂದ್ರೆ 30 ಸೆಕೆಂಡ್ ಆದ್ರೆ ಮಿಂಚು 10 ಕಿಲೋಮೀಟರ್ ದೂರ ಇದೆ. 30ಕ್ಕಿಂತ ಕಡಿಮೆ ಬಂದ್ರೆ ಬಯಲು, ಬೋಳು ಗುಡ್ಡ, ಒಂಟಿ ಮರ, ನೀರಿನ ಅಂಚು ಎಲ್ಲಾ ಬಿಟ್ಟು ಗಟ್ಟಿ ಕಟ್ಟಡ ಅಥವಾ ಗಾಜು ಮುಚ್ಚಿದ ಕಾರಿನೊಳಗೆ ಸೇರ್ಕೊಳ್ಳಿ. ಕೊನೇ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಹೊರಡಬೇಡಿ.

ಬಿಸಿಲು: ತಲೆನೋವು, ತಲೆಸುತ್ತು, ವಾಕರಿಕೆ, ಸಿಕ್ಕಾಪಟ್ಟೆ ಬೆವರು ಶುರುವಾದ್ರೆ ನೆರಳಲ್ಲಿ ಕೂತು ಬಟ್ಟೆ ಸಡಿಲ ಮಾಡಿ, ನೀರು ಕುಡೀರಿ, ಮೈ ಒದ್ದೆ ಮಾಡಿ. ಪಕ್ಕದೋರು ಏನೇನೋ ಮಾತಾಡೋಕೆ ಶುರು ಮಾಡಿದ್ರೆ, ನಡಿಗೆ ತೂರಾಡಿದ್ರೆ ಅದು ಹೀಟ್‌ಸ್ಟ್ರೋಕ್ ಇರಬಹುದು, ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರತ್ತೆ, ಪ್ರಾಣಕ್ಕೇ ಅಪಾಯ. ತಕ್ಷಣ ಸಹಾಯಕ್ಕೆ ಫೋನ್, ಜೊತೆಗೇ ನೀರು ಸುರಿದು ಗಾಳಿ ಹಾಕಿ ತಣ್ಣಗೆ ಮಾಡ್ತಾ ಇರಿ.

ಸುಸ್ತು: ಆಗ್ತಾ ಇಲ್ಲ ಅನ್ನಿಸಿದ್ರೆ ಬೇಲ್ ಔಟ್ ಪಾಯಿಂಟ್ ದಾಟೋಕೆ ಮುಂಚೆ ಹೇಳಿ, ದಾಟಿದ ಮೇಲಲ್ಲ. ನಡುವೆ ಬಿಟ್ಟು ಹೋಗೋದಾದ್ರೆ ಲೀಡರ್‌ಗೆ ಹೇಳದೆ ಹೋಗಲೇಬೇಡಿ. ನೀವು ಮನೇಲಿ ಆರಾಮಾಗಿ ಮಲಗಿರೋವಾಗ ಅವರು ನಿಮ್ಮನ್ನ ಪೊದೆ ಪೊದೆಯಲ್ಲಿ ಹುಡುಕ್ತಾ ಇರ್ತಾರೆ.

11. ಮುಗಿದ ಮೇಲೆ

ಕೊನೇ ಎಣಿಕೆ ಆಗೋವರೆಗೆ ಇರಿ, ಮನೆಯೋರಿಗೆ ಮುಗೀತು ಅಂತ ಮೆಸೇಜ್ ಹಾಕಿ. ಸ್ನಾನ ಮಾಡೋವಾಗ ಮೈಯೆಲ್ಲಾ ನೋಡ್ಕೊಳ್ಳಿ, ಮಂಡಿ ಹಿಂದೆ, ತೊಡೆಸಂದಿ, ಕಂಕುಳು, ಕಿವಿ ಹಿಂದೆ, ಕೂದಲ ಬುಡ. ಉಣುಗು ಕಚ್ಕೊಂಡಿದ್ರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ರ ಹಿಡಿದು ತಿರುಚದೆ ನೇರ ಮೇಲಕ್ಕೆ ನಿಧಾನವಾಗಿ ಎಳೀರಿ. ಬೆಂಕಿ ತಾಗಿಸೋದು, ಎಣ್ಣೆ ಹಚ್ಚೋದು ಮಾಡ್ಬೇಡಿ. ಕಚ್ಚಿದ ತಾರೀಖು ಬರೆದಿಟ್ಕೊಳ್ಳಿ, ಮುಂದಿನ ಕೆಲವು ವಾರದಲ್ಲಿ ಜ್ವರ ಬಂದ್ರೆ ಅಥವಾ ಅಲ್ಲಿ ಕೆಂಪು ಹರಡ್ತಾ ಹೋದ್ರೆ ಡಾಕ್ಟರಿಗೆ ಅದನ್ನ ಹೇಳ್ಬೇಕು.

ಮಾರನೇ ದಿನ, ಅದರ ಮಾರನೇ ದಿನ ತೊಡೆ ಮೀನಖಂಡ ಹಿಡ್ಕೊಂಡಿರತ್ತೆ, ಅದು ಸಹಜ, ನಿಧಾನವಾಗಿ ಓಡಾಡಿ, ಮೂರು ನಾಲ್ಕು ದಿನಕ್ಕೆ ಹೋಗತ್ತೆ. ಕೀಲು ಊದಿದ್ರೆ, ಒಂದೇ ಜಾಗದಲ್ಲಿ ಚುಚ್ಚೋ ನೋವಿದ್ರೆ ಅದು ಬೇರೆ, ತೋರಿಸ್ಕೊಳ್ಳಿ.

ಲೀಡರ್‌ಗೆ ಒಂದು ಮೆಸೇಜ್ ಹಾಕಿ, ಥ್ಯಾಂಕ್ಸ್ ಜೊತೆಗೆ ವೇಗ ಹೇಗಿತ್ತು, ಎಲ್ಲಿ ರೆಸ್ಟ್ ಸಾಲಲಿಲ್ಲ, ಗ್ರೇಡ್ ಸರಿ ಇತ್ತಾ ಅಂತಾನೂ ಬರೀರಿ. ಬಹಳಷ್ಟು ಲೀಡರ್‌ಗಳು ಸಂಬಳ ಇಲ್ಲದೆ ಆಸಕ್ತಿಗೆ ಮಾಡೋರು, ಹೀಗೆ ಯಾರಾದ್ರೂ ಹೇಳಿದ್ರೇನೇ ಅವರಿಗೂ ಗೊತ್ತಾಗೋದು. ಶೂ ಒಳಗಿನ ಸೋಲ್ ತೆಗೆದು ನೆರಳಲ್ಲಿ ಒಣಗಿಸಿ, ಬ್ಯಾಗಿಂದ ಖರ್ಚಾದ ಟೇಪು, ಓಆರ್‌ಎಸ್ಸು ಅವತ್ತೇ ತುಂಬಿಸಿಟ್ಟುಬಿಡಿ.